ಕೈವಾರದ ಮುಳ್ಳು ಎಲ್ಲಿ ಊರಬೇಕು?

ಇದು ಮೂವತ್ತು ವರ್ಷಗಳ ಹಿಂದಿನ ಮಾತು. ಮಗಳು ಆಗ ಒಂಬತ್ತನೆಯ ತರಗತಿ. ಭೂಗೋಳದ ಮಾಷ್ಟ್ರು ಮಕ್ಕಳಿಗೆಲ್ಲ ಒಂದು ಕೆಲಸ ಹಚ್ಚಿದ್ದರು. ಮಂಗಳೂರಿನ ನಕ್ಷೆಯ ಮೇಲೆ ಕೈವಾರದಿಂದ ಒಂದರ ಹೊರಗೊಂದು ವೃತ್ತ ಎಳೆದು, ಯಾವ ವೃತ್ತದೊಳಗೆ ಏನೇನು ಬರುತ್ತದೆ ಎಂದು ಪಟ್ಟಿ ಮಾಡಿ ತರಬೇಕು. ಭಾನುವಾರ ಬೆಳಿಗ್ಗೆ ಅವಳು ನಡುಮನೆಯ ನೆಲದ ಮೇಲೆ ನಕ್ಷೆ ಹರಡಿ ಕೂತಳು. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು ಲೆಕ್ಕದ ದೊಡ್ಡ ನಕ್ಷೆ. ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆ ಲೋಟ.

ಜಗಳ ಶುರುವಾದದ್ದು ಮೊದಲ ವೃತ್ತ ಎಳೆಯುವ ಮೊದಲೇ. ಮುಳ್ಳು ಊರುವುದು ಎಲ್ಲಿ?

ಮಗಳು ಹಂಪನಕಟ್ಟೆ ಎಂದಳು. ಬಸ್ಸುಗಳೆಲ್ಲ ಅಲ್ಲಿಗೇ ಬರುತ್ತವಲ್ಲ! ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ. "ಊರಿಗೆ ಹೆಸರು ಕೊಟ್ಟವಳು ಮಂಗಳಾದೇವಿ. ಅವಳನ್ನು ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಮುಳ್ಳು ಊರುತ್ತೀಯಲ್ಲ ಮಗಾ" ಎಂದರು. ಅಷ್ಟರಲ್ಲಿ ಮೀನಿನ ಬುಟ್ಟಿ ಇಳಿಸಿ ಜಗಲಿಯಲ್ಲಿ ಕೂತಿದ್ದ ಬೆಂಗ್ರೆಯಕ್ಕ ಒಳಗೆ ಇಣುಕಿದಳು. ಆಕೆ ದಿನವೂ ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬರುತ್ತಿದ್ದಳು. ಹಾಗಾಗಿ ನಮಗೆಲ್ಲ ಆಕೆ ಬೆಂಗ್ರೆಯಕ್ಕ. "ದಕ್ಕೆಯಲ್ಲಿ ಊರು ಮಗಾ. ಮೀನು ಇಳಿಯುವುದು ಅಲ್ಲಿ, ಊರಿಗೆ ಹೊಟ್ಟೆಗೆ ಸಿಗುವುದು ಅಲ್ಲಿಂದ" ಎಂದಳು.

ನಾನು ಘಟ್ಟದ ಮೇಲಿನಿಂದ ಬಂದ ಸೊಸೆ. ಬಂಗುಡೆ ಕೊಯ್ಯುವುದನ್ನೇ ಮದುವೆಯಾದ ಮೇಲೆ ಕಲಿತವಳು, ಮಂಗಳೂರಿನ ನಡು ಎಲ್ಲಿ ಎಂದು ಹೇಳಲು ನನಗೇನು ಅಧಿಕಾರ? ಸುಮ್ಮನಿದ್ದೆ. ಕೊನೆಗೆ ಹಂಪನಕಟ್ಟೆಯೇ ಗೆದ್ದಿತು. ಅಪ್ಪಣ್ಣ ಎಂಬ ಪುಣ್ಯಾತ್ಮ ದಾರಿಹೋಕರಿಗೆ ನೀರು ಕೊಡುತ್ತಿದ್ದ ಕಟ್ಟೆ ಅದು, ಅದರಿಂದಲೇ ಆ ಹೆಸರು ಬಂತು ಎಂದು ಊರವರು ಹೇಳುವುದುಂಟು. ನೀರು ಕೊಟ್ಟ ಜಾಗ ಊರಿನ ನಡುವಾದರೆ ಅತ್ತೆಗೂ ಅಷ್ಟೊಂದು ಬೇಸರವಾಗಲಿಲ್ಲ.

ಮೊದಲ ವೃತ್ತ ಎರಡೂವರೆ ಕಿಲೋಮೀಟರಿನದು. ಎಳೆದು ನೋಡಿದರೆ ನಮಗೆ ಆಶ್ಚರ್ಯ. ಈಶಾನ್ಯಕ್ಕೆ ಕದ್ರಿ, ದಕ್ಷಿಣಕ್ಕೆ ಮಂಗಳಾದೇವಿ, ನೈಋತ್ಯಕ್ಕೆ ಹೊಳೆಯಾಚೆಯ ಬೆಂಗ್ರೆ, ಮೂರೂ ಗೆರೆಯ ಒಳಮಗ್ಗುಲಲ್ಲೇ ಇದ್ದವು. ಮೂರಕ್ಕೂ ಹೆಚ್ಚುಕಡಿಮೆ ಒಂದೇ ದೂರ.

ಊರಿನ ಸಾವಿರ ವರ್ಷದ ಚರಿತ್ರೆ ಈ ಪುಟ್ಟ ಚಕ್ರದೊಳಗೇ ಇದೆ ಎಂದು ನನಗೆ ತಿಳಿದದ್ದು ಆ ದಿನ. ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪರ ಅರಸು ಕುಂದವರ್ಮನ ಶಾಸನವಿದೆ. ಅದರ ಕಾಲವನ್ನು ಕ್ರಿ.ಶ. 968 ಎಂದು ವಿದ್ವಾಂಸರು ಓದಿದ್ದಾರೆ. 1834ರಲ್ಲಿ ಬಂದಿಳಿದ ಬಾಸೆಲ್ ಮಿಶನ್ನಿನವರು 1841ರಲ್ಲಿ ಅಚ್ಚುಕೂಟ ತೆರೆದದ್ದು ಇದರೊಳಗೇ. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ', ಕನ್ನಡದ ಮೊತ್ತಮೊದಲ ಪತ್ರಿಕೆ, ಹುಟ್ಟಿದ್ದೂ ಇಲ್ಲೇ. 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದದ್ದೂ ಇಲ್ಲೇ. ಜೆಪ್ಪುವಿನಲ್ಲಿ 1865ರಲ್ಲಿ ಮೊದಲ ಹೆಂಚಿನ ಕಾರ್ಖಾನೆ ಎದ್ದದ್ದು ನೇತ್ರಾವತಿಯ ಆವೆಮಣ್ಣಿನ ಬಲದಿಂದ. ನನ್ನ ತವರಿನ ಮಾಡಿನ ಮೇಲೂ ಆ ಊರ ಹೆಂಚೇ ಇತ್ತು. ಮಂಗಳೂರು ನನಗಿಂತ ಮೊದಲೇ ಘಟ್ಟ ಹತ್ತಿ ನಮ್ಮ ಮನೆಯ ಮೇಲೆ ಕೂತಿತ್ತು ಎನ್ನಿ!

ಎರಡನೆಯ ವೃತ್ತಕ್ಕೆ ಕೈವಾರದ ಕಾಲುಗಳನ್ನು ಪೂರ್ತಿ ಅಗಲಿಸಬೇಕಾಯಿತು, ಐದು ಕಿಲೋಮೀಟರು. ಮಗಳು ಮುಖ ಸಿಂಡರಿಸಿದಳು. ವೃತ್ತದ ಅರ್ಧದಷ್ಟು ಬರೀ ನೀಲಿ! ಬಯಲುಸೀಮೆಯ ಪೇಟೆಗಳು ನಾಲ್ಕೂ ದಿಕ್ಕಿಗೆ ಕೈಕಾಲು ಚಾಚುತ್ತವೆ. ಕಡಲೂರಿಗೆ ಆ ಭಾಗ್ಯವಿಲ್ಲ. ಮಂಗಳೂರಿಗಂತೂ ಪಶ್ಚಿಮಕ್ಕೆ ಸಮುದ್ರ, ಉತ್ತರದಿಂದ ಬಳಸಿ ಬರುವ ಗುರುಪುರ ಹೊಳೆ, ದಕ್ಷಿಣಕ್ಕೆ ನೇತ್ರಾವತಿ. ಎರಡೂ ಕಡಲಿಗೆ ನೇರ ಬೀಳದೆ ಮರಳಿನ ದಿಣ್ಣೆಯ ಹಿಂದೆ ಕೂಡಿ ಒಂದೇ ಬಾಯಿಂದ ಸಮುದ್ರ ಸೇರುತ್ತವೆ. ಹೊಳೆಗಳು ಕೂಡಿದ ಊರಾದ್ದರಿಂದಲೇ ತುಳುವಿನಲ್ಲಿ ಇದು ಕುಡ್ಲ. ಆ ಕೂಡುವಿಕೆಯೇ ಹಡಗುಗಳಿಗೆ ಆಸರೆ ಕೊಟ್ಟದ್ದು, ಅದೇ ಊರನ್ನು ಮೂರು ಕಡೆಯಿಂದ ಕಟ್ಟಿಹಾಕಿದ್ದು. ಬೆಳೆಯಲು ಉಳಿದದ್ದು ಮೂಡಣದ ಗುಡ್ಡಗಳು ಮಾತ್ರ.

ಮುಂದಿನದಕ್ಕೆ ಕೈವಾರ ಸಾಲದು. ಹೊಲಿಗೆ ಡಬ್ಬಿಯಿಂದ ನೂಲು ತೆಗೆದು, ಒಂದು ತುದಿಗೆ ಗುಂಡುಸೂಜಿ, ಇನ್ನೊಂದಕ್ಕೆ ಪೆನ್ಸಿಲು ಕಟ್ಟಿ ಹನ್ನೆರಡು ಕಿಲೋಮೀಟರು ಎಳೆದೆವು. ಈ ವೃತ್ತದೊಳಗಿನದೆಲ್ಲ ಹೊಸ ಕಾಲದ್ದು. ಬಜ್ಪೆಯ ವಿಮಾನ ನಿಲ್ದಾಣ, 1951ರ ಡಿಸೆಂಬರ್ 25ರಂದು ನೆಹರೂ ಉದ್ಘಾಟಿಸಿದ್ದು. ಪಣಂಬೂರಿನ ಹೊಸ ಬಂದರು, 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದ್ದು. ಮಳೆಗಾಲವಿಡೀ ಬಾಗಿಲು ಮುಚ್ಚುತ್ತಿದ್ದ ಹಳೆ ಬಂದರಿನ ಊರಿಗೆ ಆಗ ಹನ್ನೆರಡು ತಿಂಗಳೂ ಹಡಗು ಬಂತು. ಬಂದರಿಗಾಗಿ ಮನೆ ಬಿಟ್ಟವರು ಕಡಲ ತಡಿಯಿಂದ ಕಾಟಿಪಳ್ಳ, ಕೃಷ್ಣಾಪುರದ ಗುಡ್ಡಗಳಿಗೆ ಹೋಗಿ ನೆಲೆಸಬೇಕಾಯಿತು. ದಕ್ಷಿಣಕ್ಕೆ ಗೆರೆ ತಲಪಾಡಿಯನ್ನು ಮುಟ್ಟಿತು. 1956ರ ನವೆಂಬರ್ 1ರಿಂದ ಅದು ರಾಜ್ಯದ ಗಡಿ. ಗಡಿಯಾಚೆಯ ಕಾಸರಗೋಡು ಅದಕ್ಕೆ ಮೊದಲು ಇದೇ ಜಿಲ್ಲೆಯ ತಾಲೂಕು. ಅತ್ತೆಯ ಅಕ್ಕನನ್ನು ಕೊಟ್ಟದ್ದು ಅಲ್ಲಿಗೆ. "ಮದುವೆಯಾದಾಗ ಅಕ್ಕ ಇಲ್ಲೇ ಪಕ್ಕದಲ್ಲಿದ್ದಳು. ಅವಳು ಮನೆ ಬದಲಿಸಲಿಲ್ಲ, ಬೇರೆ ರಾಜ್ಯದವಳಾದಳು" ಎಂದು ಅತ್ತೆ ಯಾವಾಗಲೂ ಹೇಳುತ್ತಿದ್ದರು.

ಮಗಳ ಶಾಲೆಯ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ನೂಲು ಕೈಗೆ ಸಿಕ್ಕ ಮೇಲೆ ನನಗೆ ಬಿಡಲು ಮನಸ್ಸಾಗಲಿಲ್ಲ. ಗೋಡೆಯಿಂದ ಭಾರತದ ನಕ್ಷೆ ಇಳಿಸಿದೆವು.

ನೂರು ಕಿಲೋಮೀಟರಿನ ಗೆರೆ ಸಕಲೇಶಪುರದ ಹತ್ತಿರ ಹಾದುಹೋಯಿತು. ಅದು ನನ್ನ ತವರು. ನೂರೇ ಎಂದು ನನಗೆ ನಂಬಿಕೆಯಾಗಲಿಲ್ಲ. ನಾನು ಮದುವೆಯಾಗಿ ಬಂದದ್ದು 1978ರಲ್ಲಿ. ಆ ಮಳೆಗಾಲದಲ್ಲೇ ಅಮ್ಮನಿಗೆ ಹುಷಾರಿಲ್ಲ ಎಂದು ತಂತಿ ಬಂತು. ಶಿರಾಡಿ ಘಟ್ಟದಲ್ಲಿ ಮಣ್ಣು ಕುಸಿದು ಬಸ್ಸಿಲ್ಲ. ಚಾರ್ಮಾಡಿ ಹತ್ತಿ, ಮೂಡಿಗೆರೆ ಸುತ್ತಿ ಮೂರನೆಯ ದಿನ ಮನೆ ಸೇರಿದಾಗ ಅಮ್ಮ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ನನ್ನನ್ನು ನೋಡಿ "ಇಷ್ಟು ದೂರ ಯಾಕೆ ಬಂದೆ?" ಎಂದಳು. 1979ರಲ್ಲಿ ಹಾಸನ-ಮಂಗಳೂರು ರೈಲು ಓಡಿತು. ಘಟ್ಟದಲ್ಲಿ 57 ಸುರಂಗ ಕೊರೆದಿದ್ದರು. ನನ್ನ ತವರು ಹತ್ತಿರವಾದದ್ದು ಆ ಕತ್ತಲೆ ಬಿಲಗಳಿಂದ. ಮುಂದೆ ಹಳಿ ಅಗಲಿಸಲೆಂದು ಅದೇ ದಾರಿ ವರ್ಷಗಟ್ಟಲೆ ಮುಚ್ಚಿ, 2007ರ ಡಿಸೆಂಬರಿನಲ್ಲಿ ಮತ್ತೆ ಪ್ರಯಾಣಿಕರ ರೈಲು ಬರುವವರೆಗೆ ತವರು ಪುನಃ ದೂರ ಸರಿದಿತ್ತು.

ಮುನ್ನೂರು ಕಿಲೋಮೀಟರು ಎಳೆದಾಗ ಮೂಡಣದಲ್ಲಿ ಬೆಂಗಳೂರು ಸಿಕ್ಕಿತು. ಪೆನ್ಸಿಲು ಹಾಗೇ ತಿರುಗಿ ಸಮುದ್ರಕ್ಕೆ ಇಳಿದು ಒಂದು ಚುಕ್ಕೆಯ ಮೇಲೆ ಹೋಯಿತು, ಅಮಿನಿ ದ್ವೀಪ. ಬೆಂಗಳೂರಿನಷ್ಟೇ ದೂರ! ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಅಮಿನಿದೀವಿ ದ್ವೀಪಗಳು ಟಿಪ್ಪುವಿನ ಕೈಯಲ್ಲಿದ್ದು, 1799ರ ಬಳಿಕ ಇಂಗ್ಲಿಷರಿಗೆ ಬಂದವು. ಅವುಗಳ ಆಡಳಿತ ನಡೆದದ್ದು ಮಂಗಳೂರಿನ ಕಲೆಕ್ಟರರ ಕಚೇರಿಯಿಂದ. ದ್ವೀಪದವರು ತೆಂಗಿನನಾರಿನ ಹುರಿಯನ್ನು ಓಡಗಳಲ್ಲಿ ತುಂಬಿ ತರುತ್ತಿದ್ದರು. ಹುರಿಯ ವ್ಯಾಪಾರ ಸರಕಾರದ್ದೇ. ಹುರಿಗೆ ಬದಲಾಗಿ ಅಕ್ಕಿ. ಆ ಹುರಿ ಹೊಸೆದವರಲ್ಲಿ ಹೆಂಗಸರೇ ಹೆಚ್ಚು. ಅವರ ಮನೆಯ ಅನ್ನ ಮಂಗಳೂರಿನಿಂದ ಹೋಗಬೇಕಿತ್ತು. ಕಾಸರಗೋಡು ಹೋದ ಅದೇ 1956ರ ನವೆಂಬರ್ 1ರಂದು ಈ ದ್ವೀಪಗಳೂ ಕೇಂದ್ರದ ಆಡಳಿತಕ್ಕೆ ಸೇರಿದವು. ಅದೇ ದಿನ ನಾವು ಮದರಾಸು ಬಿಟ್ಟು ಬೆಂಗಳೂರಿನವರಾದೆವು.

ಮದರಾಸೆಂದಾಗ ಇನ್ನೊಂದು ವಿಚಿತ್ರ. ಅದು ನಕ್ಷೆಯಲ್ಲಿ ಬೆಂಗಳೂರಿನ ಎರಡರಷ್ಟು ದೂರ, ಸುಮಾರು 590 ಕಿಲೋಮೀಟರು. ಆದರೆ 1907ರಲ್ಲಿ ಮಂಗಳೂರಿಗೆ ಬಂದ ರೈಲು ಮಲಬಾರು ಬಳಸಿ ಮದರಾಸಿಗೇ ಹೋಗುತ್ತಿತ್ತು. ಹೈಕೋರ್ಟು ಅಲ್ಲಿ, ದೊಡ್ಡ ಓದು ಅಲ್ಲಿ. ಮಾವನವರ ಕಾಲಕ್ಕೆ ಮದರಾಸೇ ಹತ್ತಿರ. ಬೆಂಗಳೂರು ಘಟ್ಟದಾಚೆಯ ಮಹಾರಾಜರ ಊರು. ಹೀಗೆ ಗುಂಡುಸೂಜಿ ಒಂದಿಷ್ಟೂ ಅಲುಗದಿದ್ದರೂ ಊರುಗಳು ಹತ್ತಿರ ಬರುತ್ತವೆ, ದೂರ ಹೋಗುತ್ತವೆ. ಕಡಲೂರಿನ ಚರಿತ್ರೆ ಎಂದರೆ ನನಗೆ ಈಗ ಇದೇ ಅನ್ನಿಸುತ್ತದೆ.

ಬಹಳ ಹಿಂದೆ ಏಡನ್ ಕೂಡ ಹೀಗೆ ಹತ್ತಿರವಿತ್ತು. ಅದು ನಮ್ಮದೇ ಅಕ್ಷಾಂಶದಲ್ಲಿ ನೇರ ಪಶ್ಚಿಮಕ್ಕೆ, ಸುಮಾರು 3200 ಕಿಲೋಮೀಟರು. ಗಾಳಿಯ ಕಾಲ ನೋಡಿ ಹಾಯಿ ಬಿಚ್ಚಿದರೆ ಆಯಿತು. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಆ ದಾರಿಯಲ್ಲಿ ಬಂದು, ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ನೆಲೆಸಿದ್ದ. ಅವನ ಕಾಗದಪತ್ರಗಳು ಕೈರೋದ ಹಳೆಯ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಉಳಿದಿದ್ದವು. ಅವುಗಳಲ್ಲಿ ಒಂದು 1132ರದು. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರ ಊಹೆ. 1149ರಲ್ಲಿ ಅವನು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಮರಳಿದ. ಆ ಪ್ರಯಾಣದಲ್ಲಿ ಆಶುವಿನ ಸುದ್ದಿಯಿಲ್ಲ. ಗಂಡಸರಿಗೆ ಹತ್ತಿರವಾದ ಊರು ಹೆಂಗಸರಿಗೂ ಹತ್ತಿರವಾಗಬೇಕೆಂದಿಲ್ಲವಲ್ಲ!

ನೂಲು ಸುತ್ತಿಡುವ ಹೊತ್ತಿಗೆ ಬೆಂಗ್ರೆಯಕ್ಕ ಮೀನು ಮಾರಿ ಖಾಲಿ ಬುಟ್ಟಿ ಹಿಡಿದು ನೀರು ಕೇಳಲು ಬಂದಳು. ಮಗಳು ಹೆಮ್ಮೆಯಿಂದ ನಕ್ಷೆ ತೋರಿಸಿದಳು. "ನೋಡಿ ಅಕ್ಕಾ, ಕದ್ರಿಯೂ ನಿಮ್ಮ ಬೆಂಗ್ರೆಯೂ ಒಂದೇ ದೂರ!"

ಬೆಂಗ್ರೆಯಕ್ಕ ನೀರು ಕುಡಿದು ಲೋಟ ಕೆಳಗಿಟ್ಟಳು. "ಒಂದೇ ದೂರ ಹೇಗೆ ಮಗಾ? ಕದ್ರಿಗೆ ರಾತ್ರಿಯೂ ಹೋಗಬಹುದು" ಎಂದಳು. ಆಮೇಲೆ ಯಾರೂ ಕೇಳದೆಯೇ ಹೇಳಿದಳು. ಒಂದು ಆಟಿಯ ರಾತ್ರಿ ಆಕೆಯ ದೊಡ್ಡ ಮಗಳಿಗೆ ಬೇನೆ ಶುರುವಾಯಿತು. ಹೊಳೆಯಲ್ಲಿ ನೆರೆ. ಕಡವಿನ ದೋಣಿ ಸಂಜೆಗೇ ನಿಂತಿತ್ತು. ಸುತ್ತಿ ಹೋಗುವುದಾದರೆ ಮರಳಿನ ದಿಣ್ಣೆಯ ಉದ್ದಕ್ಕೂ ಕೂಳೂರಿನವರೆಗೆ ಹೋಗಿ ಪೇಟೆಗೆ ಬರಬೇಕು, ಹದಿನೈದು ಕಿಲೋಮೀಟರು. ಅಲ್ಲಿಗೆ ಆಗ ವಾಹನವಿಲ್ಲ. ಬೆಳಕು ಹರಿದ ಮೇಲೆ ಆಕೆಯ ಗಂಡ, ಮೈದುನ ಸೇರಿ ದೋಣಿ ಇಳಿಸಿದರು. ಮಗಳು ಉಳಿದಳು. ಮಗು ಉಳಿಯಲಿಲ್ಲ.

"ಇಡೀ ರಾತ್ರಿ ಬಂದರಿನ ದೀಪ ಕಾಣುತ್ತಿತ್ತಮ್ಮಾ" ಎಂದಳು ಆಕೆ ನನ್ನ ಕಡೆ ತಿರುಗಿ. "ಎಣಿಸಬಹುದಿತ್ತು, ಅಷ್ಟು ಹತ್ತಿರ."

ಯಾರೂ ಮಾತಾಡಲಿಲ್ಲ. ಅತ್ತೆ ಒಳಗೆ ಹೋಗಿ ಎರಡು ತೆಂಗಿನಕಾಯಿ ತಂದು ಬುಟ್ಟಿಗೆ ಹಾಕಿದರು. ಬೆಂಗ್ರೆಯಕ್ಕ ಹೋದ ಮೇಲೆ ಮಗಳು ಕೈವಾರ ತೆಗೆದುಕೊಂಡು, ನನ್ನನ್ನೂ ಕೇಳದೆ, ಮುಳ್ಳನ್ನು ಬೆಂಗ್ರೆಯಲ್ಲಿ ಊರಿ ಎರಡು ಕಿಲೋಮೀಟರಿನ ವೃತ್ತ ಎಳೆದಳು. ದಕ್ಕೆ, ಬಂದರು, ಮಾರುಕಟ್ಟೆ, ಹೆರಿಗೆ ಆಸ್ಪತ್ರೆ, ಎಲ್ಲವೂ ಅದರೊಳಗೇ ಇದ್ದವು. ನಡುವೆ ಒಂದು ನೀಲಿ ಪಟ್ಟಿ, ಅಷ್ಟೆ.

ಅವಳು ಪಟ್ಟಿಯ ಕೊನೆಗೆ ಇನ್ನೊಂದು ಅಂಕಣ ಸೇರಿಸಿ 'ತಲುಪಲು ಬೇಕಾದ ಹೊತ್ತು' ಎಂದು ಬರೆದಳು. ಮಾಷ್ಟ್ರು ಕೇಳಿರಲಿಲ್ಲ. ಮಳೆಗಾಲಕ್ಕೆ ಬೇರೆ, ಬೇಸಗೆಗೆ ಬೇರೆ, ರಾತ್ರಿಗೆ ಬೇರೆ. ಬೆಂಗ್ರೆಯ ಎದುರು, ಮಳೆಗಾಲದ ರಾತ್ರಿ ಎಂಬಲ್ಲಿ, ಒಂದು ಗೆರೆ ಎಳೆದು ಬಿಟ್ಟಳು.

ಈಗ ಮಗಳು ದೂರದೂರಿನಲ್ಲಿದ್ದಾಳೆ. ಅತ್ತೆಯೂ ಇಲ್ಲ, ಬೆಂಗ್ರೆಯಕ್ಕನೂ ಇಲ್ಲ. ದೂರ ಎಷ್ಟೆಂದು ಫೋನೇ ಹೇಳುವ ಕಾಲ. ಆ ನಕ್ಷೆಯನ್ನು ಮಾತ್ರ ಸೀರೆಗಳ ಅಡಿಯಲ್ಲಿ ಇಟ್ಟುಕೊಂಡಿದ್ದೇನೆ. ಬೆಳಕಿಗೆ ಹಿಡಿದರೆ ಎರಡು ತೂತು ಕಾಣುತ್ತವೆ. ಹಂಪನಕಟ್ಟೆಯದು ಹಲವು ವೃತ್ತ ತಿರುಗಿಸಿ ಅಗಲವಾಗಿದೆ. ಬೆಂಗ್ರೆಯದು ಸಣ್ಣದು. ಯಾರಾದರೂ ಮಂಗಳೂರು ಎಂಥ ಊರು ಎಂದು ಕೇಳಿದರೆ, ನೀವು ಎಲ್ಲಿ ನಿಂತು ಕೇಳುತ್ತಿದ್ದೀರಿ ಎಂದು ಮೊದಲು ವಿಚಾರಿಸುತ್ತೇನೆ.