ಪಾಠ ಹೇಳಿದ ಯಂತ್ರ

ಕಚೇರಿಯ ನೌಕರರು ಪರದೆಯ ಮುಂದೆ ಕುಳಿತು ಕಸಬು ಕಲಿಯುವುದನ್ನು ನಾವು ನಿನ್ನೆ ಮೊನ್ನೆಯ ಹೊಸತೆಂದು ಬಗೆಯುತ್ತೇವೆ. ಅದರ ಬೇರು ಹಳೆಯದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡೊನಾಲ್ಡ್ ಬಿಟ್ಜರ್ ಎಂಬ ಎಂಜಿನಿಯರು ‘ಪ್ಲೇಟೋ’ ಎಂಬ ಬೋಧನಾ ವ್ಯವಸ್ಥೆಯನ್ನು ಕಟ್ಟಿದರು. ‘ಇಲಿಯಾಕ್’ ಎಂಬ ಭಾರಿ ಗಣಕಯಂತ್ರ. ಅದಕ್ಕೆ ಜೋಡಿಸಿದ ಟೆಲಿವಿಷನ್ ಪೆಟ್ಟಿಗೆ. ಅದರ ಮುಂದೆ ಒಬ್ಬನೇ ಶಿಷ್ಯ! ಯಂತ್ರ ಪ್ರಶ್ನೆ ಕೇಳುವುದು, ಶಿಷ್ಯ ಗುಂಡಿ ಒತ್ತಿ ಉತ್ತರಿಸುವುದು. ತಿಳಿಯದಿದ್ದರೆ ಇನ್ನೊಂದು ಗುಂಡಿ ಒತ್ತಿ ನೆರವು ಬೇಡುವುದು. 1972ರ ಹೊತ್ತಿಗೆ ಬೆರಳು ಮುಟ್ಟಿದರೆ ಗ್ರಹಿಸುವ ಪರದೆಯೂ ಬಂದಿತು.

ಕಂಟ್ರೋಲ್ ಡೇಟಾ ಕಂಪನಿಯ ವಿಲಿಯಂ ನಾರಿಸ್ ಇದರಲ್ಲಿ ದೊಡ್ಡ ವ್ಯಾಪಾರವನ್ನೇ ಕಂಡರು. ಉದ್ಯಮಗಳಿಗೆ ತರಬೇತಿಯನ್ನು ಮಾರಿದರು; ವಿಮಾನ ಸಂಸ್ಥೆಗಳು ತಮ್ಮ ಪೈಲಟರಿಗಾಗಿ ಕೊಂಡವು. ಆದರೆ ಖರ್ಚು ವಿಪರೀತ. ನೆನೆಸಿದಷ್ಟು ಲಾಭ ಕೈಗೆ ಹತ್ತಲಿಲ್ಲ.

ನನಗೆ ಹೆಚ್ಚಿನದಾಗಿ ತೋರುವುದು ಬೇರೊಂದು ಸಂಗತಿ. 1973ರಲ್ಲಿ ಹದಿನೇಳು ವಯಸ್ಸಿನ ಡೇವಿಡ್ ವೂಲಿ, ವ್ಯವಸ್ಥೆಯ ಕುಂದುಕೊರತೆಗಳನ್ನು ತಿಳಿಸಲೆಂದು ‘ನೋಟ್ಸ್’ ಎಂಬ ಫಲಕವೊಂದನ್ನು ಬರೆದ. ಒಬ್ಬರು ಕೇಳಿದರು, ಮತ್ತೊಬ್ಬರು ಉತ್ತರ ಕೊಟ್ಟರು. ಇಂದಿನ ಕಂಪನಿಗಳು ಮುಗಿಸಿದ ಪಾಠಗಳನ್ನು ಎಣಿಸುತ್ತವೆ; ಕೇಳಿದವನಿಗೆ ಉತ್ತರ ಸಿಕ್ಕಿತೆ ಎಂದು ಎಣಿಸುವವರು ಕಡಮೆ. ಆ ಫಲಕದಲ್ಲಾದರೋ, ಪಾಠಕ್ಕೆಂದು ಕುಳಿತವರು ಹೊತ್ತು ಹೋದದ್ದನ್ನೇ ಮರೆತು ಮಾತಿಗಿಳಿಯುತ್ತಿದ್ದರು.