ಗಾಡ್ಯಾಗಿನ ಹಳದಿ ದೀಪದ ಕಥಿ

ವೈನಿ, ಮೌಶಿ, ಓಣ್ಯಾಗಿನ ಅಕ್ಕತಂಗೇರೆ, ಈ ಸಲ ಅಡಗಿ ವಿಷಯ ಅಲ್ಲ, ಹಬ್ಬದ ವಿಷಯನೂ ಅಲ್ಲ. ಗಾಡಿ ವಿಷಯ. "ಗಾಡಿ ಅಂದ್ರ ಗಂಡಸರ ಮಾತು, ನಮಗ್ಯಾಕ" ಅಂತ ಬಿಟ್ಟು ಹೋಗಬ್ಯಾಡ್ರಿ. ಡೀಸೆಲ್ ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲೆ ಎಂಜಿನ್ ಚಿತ್ರದ್ದು ಒಂದು ಹಳದಿ ದೀಪ ಇರ್ತದಲ್ಲ, ಅದು ಹುಟ್ಟಿದ ಕಥ್ಯಾಗ ನಮ್ಮಂಥಾ ಮನಿ ಹೆಣ್ಣಮಕ್ಕಳ ಪಾಲೂ ಅದ.

ಮೊದಲ ದೀಪಗೋಳ ಗುರ್ತು ಮಾಡ್ಕೋಳೂಣು. ಎಣ್ಣಿ ಗಿಂಡಿ ಚಿತ್ರದ ಕೆಂಪು ದೀಪ ಎಂಜಿನ್ ಉಳಸ್ಲಿಕ್ಕೆ ಇರೋದು. ಅದು ಹತ್ತಿದ್ರ ಅಲ್ಲೇ ಬಾಜೂಕ ಗಾಡಿ ನಿಲ್ಲಿಸಬೇಕು. ಸುರುಳಿ ಚಿತ್ರದ ದೀಪ ಡೀಸೆಲ್ ಗಾಡ್ಯಾಗ ಮಾತ್ರ ಇರ್ತದ, "ಸ್ವಲ್ಪ ತಡೀರಿ, ಇನ್ನೂ ಕಾಯ್ಲಿಕ್ಕತ್ತೇನಿ" ಅಂತ ಅದರ ಅರ್ಥ. ಇನ್ನ ಎಂಜಿನ್ ಚಿತ್ರದ ಹಳದಿ ದೀಪ. ಇದನ್ನ ಎಲ್ಲಾರೂ ಎಂಜಿನ್ನಿನ ದೀಪ ಅಂತ ತಿಳಕೊಂಡಾರ. ಖರೇ ಹೇಳಬೇಕಂದ್ರ ಇದು ಗಾಳಿಯ ದೀಪ. ಗಾಡಿ ಒಳಗ ಕೂತವರಿಗಿಂತ ಹೆಚ್ಚಾಗಿ, ಗಾಡಿ ಹಿಂದ ಉಸಿರಾಡೋರ ಸಲುವಾಗಿ ಇಟ್ಟ ದೀಪ.

ಕಥಿ ಶುರು ಆಗೋದು ಅಮೆರಿಕಾದ ಲಾಸ್ ಏಂಜಲಿಸ್ ಊರಾಗ, 1943ರ ಜುಲೈ ತಿಂಗಳಾಗ. ಎರಡನೇ ಮಹಾಯುದ್ಧ ನಡದಿತ್ತು. ಒಂದಿನ ಊರ ತುಂಬ ಕಂದುಬಣ್ಣದ ಮಬ್ಬು ಕವೀತು, ಜನರ ಕಣ್ಣು ಉರದು ನೀರು ಸುರೀಲಿಕ್ಕೆ ಹತ್ತಿದ್ವು, ಗಂಟಲಾ ಕೆರೀತು. ಜಪಾನಿನವರು ವಿಷದ ಗಾಳಿ ಬಿಟ್ಟಾರಂತ ಮಂದಿ ಹೆದರಿದ್ರು. ಆಮ್ಯಾಲೆ ಊರಾಗಿನ ಒಂದು ರಬ್ಬರ್ ಸಾಮಾನಿನ ಕಾರ್ಖಾನಿ ಮ್ಯಾಲೆ ಅಪವಾದ ಬಂತು. ಅದನ್ನ ಬಂದ್ ಮಾಡಿ ನೋಡಿದ್ರು, ಮಬ್ಬು ಹೋಗ್ಲಿಲ್ಲ.

ಗುಟ್ಟು ಬಿಡಿಸಿದಾವರು ಆರಿ ಹಾಗೆನ್-ಸ್ಮಿಟ್ ಅಂತ, ಹಾಲಂಡ್‌ನಾಗ ಹುಟ್ಟಿ ಕ್ಯಾಲ್ಟೆಕ್‌ನಾಗ ಕಲಸೋ ಪ್ರೊಫೆಸರು. ಇವರು ಏನು ಅಭ್ಯಾಸ ಮಾಡ್ತಿದ್ರು ಗೊತ್ತೇನ್ರಿ? ಅನಾನಸ್ ಹಣ್ಣಿನ ವಾಸನಿ! ರಾಶಿ ರಾಶಿ ಅನಾನಸ್ ತರಿಸಿ, ಅದರ ಪರಿಮಳ ಯಾವ ವಸ್ತುವಿನಿಂದ ಬರ್ತದ ಅಂತ ಹನಿ ಹನಿಯಾಗಿ ಬ್ಯಾರೆ ಮಾಡ್ತಿದ್ರು. ಅದೇ ಸಾಮಾನಿನಾಗ ಊರ ಗಾಳಿ ಹಿಡದು ತಂಪು ಮಾಡಿ ನೋಡಿದ್ರ, ಕಂದು ಬಣ್ಣದ ನಾಲ್ಕು ಹನಿ ಘಾಟು ದ್ರವ ಸಿಕ್ತು. ಗಾಡಿ ಹೊಗಿ, ತೈಲದ ಆವಿ, ಮ್ಯಾಲಿಂದ ಚುರುಚುರು ಬಿಸಲು, ಮೂರೂ ಕೂಡಿ ಗಾಳ್ಯಾಗ ಓಜೋನ್ ತಯಾರಾಗ್ತದ ಅಂತ 1950ರ ಸುಮಾರಿಗೆ ಅವರು ತೋರಿಸಿಕೊಟ್ರು. ಆ ಊರಾಗ ಟಾಯರು ಲಗೂನ ಯಾಕ ಬಿರೀತಾವ ಅನ್ನೋದಕ್ಕೂ ಉತ್ತರ ಸಿಕ್ತು. ಓಜೋನ್ ರಬ್ಬರಿಗೂ ಬಿಡೂದಿಲ್ಲ.

ತೈಲ ಕಂಪನಿಗೋಳ ರೊಕ್ಕದಾಗ ಅಭ್ಯಾಸ ಮಾಡ್ತಿದ್ದ ವಿಜ್ಞಾನಿಗೋಳು ಒಪ್ಪಲಿಲ್ಲ. ಗಾಡಿ ಕಂಪನಿಯವರೂ ವರ್ಷಾನುಗಟ್ಲೆ ತಲಿ ಅಲ್ಲಾಡಿಸಿದ್ರು. ಆವಾಗ ಹೊರಗ ಬಂದ್ರು ನೋಡ್ರಿ ಹೆಣ್ಣಮಕ್ಕಳು. 1958ರಾಗ ಅಲ್ಲಿನ ಗೃಹಿಣಿಯರು ಸೇರಿ "ಸ್ಟಾಂಪ್ ಔಟ್ ಸ್ಮಾಗ್" ಅಂತ ಸಂಘ ಕಟ್ಟಿದ್ರು. ಮಬ್ಬು ಹೊಸಕಿಹಾಕ್ರಿ ಅಂತ ಅರ್ಥ. ಸರ್ಕಾರದ ಸಭಾಕ್ಕ ಹೋಗಿ ಕೂತ್ರು, ಪತ್ರ ಬರದ್ರು, ವಿಜ್ಞಾನದ ವರದಿ ಓದಿ ತಿಳಕೊಂಡು ಪ್ರಶ್ನಿ ಕೇಳಿದ್ರು. ಅವರು ಎಂಜಿನಿಯರ್ ಅಲ್ಲ. ಮನ್ಯಾಗ ಕೆಮ್ಮೋ ಕೂಸು ಇತ್ತು, ಅಷ್ಟೇ.

1967ರಾಗ ಕ್ಯಾಲಿಫೋರ್ನಿಯಾ ರಾಜ್ಯ ಗಾಳಿ ಕಾಯೋ ಮಂಡಳಿ ಮಾಡ್ತು. ಅದರ ಮೊದಲ ಅಧ್ಯಕ್ಷರು ಇದೇ ಅನಾನಸ್ ಪ್ರೊಫೆಸರು. 1970ರಾಗ ಇಡೀ ಅಮೆರಿಕಾಕ್ಕ ಗಾಳಿಯ ಕಾಯ್ದೆ ಬಿಗಿ ಆತು. ಗಾಡಿಗೋಳಿಗೆ ಹೊಗಿ ತೊಳಿಯೋ ಸಾಮಾನು ಬಂದ್ವು. ಆದ್ರ ಒಂದು ತೊಡಕು ಉಳೀತು. ಗಾಡಿ ಹೊಸಾದಿದ್ದಾಗ ಪರೀಕ್ಷಾ ಪಾಸಾಗ್ತದ. ಮುಂದ ಆರು ತಿಂಗಳಿಗೆ ಆ ಸಾಮಾನು ಕೆಟ್ಟರ ಯಾರಿಗೆ ತಿಳೀಬೇಕು? ಗಾಡಿ ಓಡ್ತಿರ್ತದ, ಮಾಲಕಗ ಏನೂ ತ್ರಾಸಿಲ್ಲ. ಹೊಗಿ ಕುಡಿಯೋರು ಹಿಂದಿನವರು.

ಅದಕ್ಕ ಕಾವಲುಗಾರನ್ನ ಗಾಡಿ ಒಳಗೇ ಕೂಡಸೋ ವಿಚಾರ ಬಂತು. ಕೆಲವು ಕಂಪನಿಯವರು 1980ರ ದಶಕದ ಶುರುವಿಗೇ ಇಂಥಾ ದೀಪ ಹಾಕಿದ್ರು. 1988ರ ಮಾಡೆಲ್‌ನಿಂದ ಕ್ಯಾಲಿಫೋರ್ನಿಯಾದಾಗ ಅದು ಕಾಯ್ದೆನೇ ಆತು. ಆಗಿನ ಪದ್ಧತಿ ಮಜಾ ಇತ್ತು. ಕೆಲವು ಗಾಡ್ಯಾಗ ಕಾಗದಕ್ಕ ಹಚ್ಚೋ ಪಿನ್ನಿನಿಂದ ಎರಡು ತಂತಿ ಜೋಡಿಸಿದ್ರ ದೀಪ ಮಿಣುಕ್ತಿತ್ತು. ಒಂದು ಮಿಣುಕು, ಸ್ವಲ್ಪ ತಡದು ಎರಡು ಮಿಣುಕು ಅಂದ್ರ 12ನೇ ನಂಬರ್. ಎಣಿಸಿ, ಪುಸ್ತಕ ತಗದು ರೋಗ ಹುಡುಕಬೇಕು. ಒಂದೊಂದು ಕಂಪನಿದು ಒಂದೊಂದು ಭಾಷಾ. 1996ರಿಂದ ಅಮೆರಿಕಾದಾಗ ಎಲ್ಲಾ ಹೊಸಾ ಕಾರಿಗೂ ಒಂದೇ ಭಾಷಾ, ಒಂದೇ 16 ಕಡ್ಡಿಯ ಸಾಕೆಟ್ ಆತು. ಹೊಗಿ ಸಾಮಾನ್ಯವಾಗಿ ಮಿತಿಯ ಒಂದೂವರೆ ಪಟ್ಟು ದಾಟೋ ಹಂತಕ್ಕ ಬಂದ್ರ ದೀಪ ಹತ್ತಬೇಕು ಅನ್ನೋದು ಅಲ್ಲಿನ ಲೆಕ್ಕ. ಅಂದ್ರ ದೀಪದ ಅಳತಿಗೋಲೇ ಹೊಗಿ.

ಇನ್ನ ಡೀಸೆಲ್ ಮಾತಿಗೆ ಬರೂಣು. ರುಡಾಲ್ಫ್ ಡೀಸೆಲ್ ಅನ್ನೋ ಜರ್ಮನ್ ಎಂಜಿನಿಯರು 1897ರಾಗ ಆಗ್ಸ್‌ಬರ್ಗ್ ಊರಾಗ ತನ್ನ ಎಂಜಿನ್ ಓಡಿಸಿ ತೋರಿಸಿದಾ. ಪೆಟ್ರೋಲ್ ಎಂಜಿನ್ನಿನಾಗ ಕಿಡಿ ಹಾರಸ್ತಾರ, ಇದರಾಗ ಕಿಡಿ ಇಲ್ಲ. ಗಾಳಿನ ಜೋರ್ಲೆ ಒತ್ತಿದ್ರ ಅದೇ ಕಾಯ್ತದ, ಕಾದ ಗಾಳಿಗೆ ಎಣ್ಣಿ ಸಿಂಪಡಿಸಿದ್ರ ತಾನೇ ಹತ್ತಿಕೋತದ. ಸೈಕಲ್ಲಿಗೆ ಗಾಳಿ ಹಾಕೋಮುಂದ ಪಂಪು ಬಿಸಿ ಆಗ್ತದಲ್ಲ, ಅದೇ ತತ್ವ. 1900ರ ಪ್ಯಾರಿಸ್ ಪ್ರದರ್ಶನದಾಗ ಒಂದು ಸಣ್ಣ ಡೀಸೆಲ್ ಎಂಜಿನ್ ನಮ್ಮ ಶೇಂಗಾ ಎಣ್ಣಿ ಮ್ಯಾಲೆ ಓಡಿತ್ತು! ಥಂಡ್ಯಾಗ ಗಾಳಿ ಸಾಕಷ್ಟು ಕಾಯೂದಿಲ್ಲ ಅಂತನೇ ಆ ಸುರುಳಿ ದೀಪದ ಗ್ಲೋ ಪ್ಲಗ್ ಬಂತು.

ಡೀಸೆಲ್ ಮೈಲೇಜ್ ಕೊಡ್ತದ, ಖರೆ. ಆದ್ರ ಅದರ ಬೆನ್ನಿಗೆ ಎರಡು ದೋಷ ಅವ. ಒಂದು ಮಸಿ, ಇನ್ನೊಂದು ನೈಟ್ರೋಜನ್ ಆಕ್ಸೈಡ್ ಅನ್ನೋ ಘಾಟು ಗಾಳಿ. ಡೀಸೆಲ್ ಹೊಗಿಯಿಂದ ಕ್ಯಾನ್ಸರ್ ಬರ್ತದ ಅಂತ 2012ರಾಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು ಸ್ಪಷ್ಟ ಹೇಳ್ಯಾರ. ಯುರೋಪಿನಾಗ ಡೀಸೆಲ್ ಕಾರಿಗೆ ಈ ದೀಪ ಕಡ್ಡಾಯ ಆದದ್ದು 2003-04ರ ಹೊತ್ತಿಗೆ. ನಮ್ಮ ದೇಶದಾಗ 2010ರ ಏಪ್ರಿಲ್‌ನಿಂದ ಬಿಎಸ್-4 ಜೋಡಿ ಬಂತು, ಮೊದಲ ಬೆಂಗಳೂರು, ಸೊಲ್ಲಾಪುರದಂಥಾ 13 ಊರಿಗೆ. 2017ಕ್ಕ ದೇಶಕ್ಕೆಲ್ಲ. 2020ರ ಏಪ್ರಿಲ್ 1ಕ್ಕ ಬಿಎಸ್-5 ಜಿಗದು ಸೀದಾ ಬಿಎಸ್-6 ಬಂತು. ಡೀಸೆಲ್‌ನಾಗಿನ ಗಂಧಕ ಹತ್ತು ಲಕ್ಷ ಭಾಗಕ್ಕ 50 ಇದ್ದದ್ದು 10ಕ್ಕ ಇಳೀತು, ಡೀಸೆಲ್ ಕಾರಿಗೆ ಮಸಿ ಹಿಡಿಯೋ ಫಿಲ್ಟರ್ ಬಂತು.

ಆದ್ರ ಕಾವಲುಗಾರನೇ ಕಳ್ಳರ ಕೂಡ ಸೇರಿದ್ರ? 2015ರ ಸೆಪ್ಟೆಂಬರ್‌ನಾಗ ಫೋಕ್ಸ್‌ವ್ಯಾಗನ್ ಕಂಪನಿ ಬಂಡವಾಳ ಬಯಲಾತು. ಪರೀಕ್ಷಾ ನಡದದ ಅಂತ ಗಾಡಿಗೇ ತಿಳಿಯೋಹಂಗ ಅದರ ಕಂಪ್ಯೂಟರಿಗೆ ಕಲಿಸಿಟ್ಟಿದ್ರು. ಪರೀಕ್ಷಾದಾಗ ಹೊಗಿ ಸ್ವಚ್ಛ, ರಸ್ತೆದಾಗ ಮಿತಿಗಿಂತ ಹತ್ತಾರು ಪಟ್ಟು. ಜಗತ್ತಿನ್ಯಾಗ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರು. ಭಾರತದಾಗೂ 3 ಲಕ್ಷಕ್ಕಿಂತ ಹೆಚ್ಚು ಗಾಡಿ ವಾಪಸ್ ಕರಸ್ತೇವಿ ಅಂತ ಕಂಪನಿ ಹೇಳ್ತು. ಅಷ್ಟು ಹೊಗಿ ಬಿಡೋವಾಗೂ ಹಳದಿ ದೀಪ ಸುಮ್ನ ಕೂತಿತ್ತು. ಅದನ್ನ ಹಿಡದಾವರು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡ. ಯಂತ್ರ ಡಿಕ್ಕಿಯೊಳಗ ಇಟಗೊಂಡು ಖರೇ ರಸ್ತೆ ಮ್ಯಾಲೆ ಓಡಿಸಿ ಅಳತಿ ಮಾಡಿದ್ರು. ಮುಂದ ಬೆನ್ನು ಹತ್ತಿದ್ದು ಅದೇ ಕ್ಯಾಲಿಫೋರ್ನಿಯಾದ ಗಾಳಿ ಮಂಡಳಿ.

ಇದು ದೂರದೇಶದ ದೊಡ್ಡ ಕಂಪನಿ ಕಥಿ ಅಂತ ತಿಳೀಬ್ಯಾಡ್ರಿ. ಸಣ್ಣ ಪ್ರಮಾಣದಾಗ ನಮ್ಮ ಊರಾಗೂ ನಡೀತದ. ಹೋದ ವರ್ಷ ನಮ್ಮ ಡೀಸೆಲ್ ಗಾಡ್ಯಾಗ ಈ ದೀಪ ಹತ್ತಿತು. ಒಂದು ಗ್ಯಾರೇಜಿನಾವ ಯಂತ್ರ ಚುಚ್ಚಿ ನೋಡಿ, "ಪಿ-2002 ಬಂದದ ಅಕ್ಕಾರ, ಫಿಲ್ಟರ್ ಹೋತು. ಹೊಸಾದು ಭಾಳ ತುಟ್ಟಿ. ತಗದು ಒಗದು, ದೀಪ ಹತ್ತದಂಗ ಕಂಪ್ಯೂಟರಿಗೆ ಹೇಳಿಬಿಡ್ತೇನಿ, ಎವರೇಜೂ ಛಲೋ ಬರ್ತದ" ಅಂದಾ. ಮನ್ಯಾಗಿನವರು ಅರ್ಧ ಒಪ್ಪಿಬಿಟ್ಟಿದ್ರು. ನನಗ ನಮ್ಮ ಗೇಟಿನ ಮುಂದ ಮೂರು ಗಾಲಿ ಸೈಕಲ್ ಹೊಡಿಯೋ ಬಾಜೂ ಮನಿ ಕೂಸು ಕಣ್ಮುಂದ ಬಂತು. ಗಾಡಿಯ ಹೊಗಿ ಕೊಳವಿ ಇರೋದು ಅಗದಿ ಅದರ ಮೂಗಿನ ಎತ್ತರಕ್ಕ. ಬ್ಯಾಡ ಅಂದೆ. ಕಂಪನಿ ಕೊಟ್ಟ ಹೊಗಿ ಸಾಮಾನು ಹಂಗ ತಗಿಯೋದು ಕಾಯ್ದೆಗೂ ವಿರುದ್ಧ.

ಇನ್ನೊಬ್ಬ ಮೆಕಾನಿಕ್ ಸಮಾಧಾನದಿಂದ ನೋಡಿದಾ. ಪಿ-2002 ಅಂದ್ರ "ಫಿಲ್ಟರ್ ಕೆಲಸ ಸಾಲದು ಅಂತ ಕಾಣಸ್ತದ" ಅಂತಷ್ಟೇ. ಕಂಪ್ಯೂಟರಿಗೆ ಹಂಗ ಯಾಕ ಕಾಣಿಸ್ತು? ಫಿಲ್ಟರಿನ ಈಕಡೆ ಆಕಡೆ ಒತ್ತಡ ಅಳೆಯೋ ಸೆನ್ಸರಿಗೆ ಹೋಗೋ ರಬ್ಬರ್ ಕೊಳವಿ ಬಿರದಿತ್ತು! ಕೊಳವಿ ಬದಲಿ ಆತು, ದೀಪ ಆರಿತು, ಮತ್ತ ಬಂದಿಲ್ಲ. ಹೊಟ್ಟಿ ನೂಸ್ತದ ಅಂದಕೂಡ್ಲೆ ಹೊಟ್ಟಿ ಕೊಯ್ಯೂದಿಲ್ಲಲ್ಲ, ಹಂಗ. ಕೋಡ್ ನೋವು ಎಲ್ಲೆ ಅಂತ ಹೇಳ್ತದ, ರೋಗ ಹುಡುಕೋದು ಮನಶ್ಯಾನ ಕೆಲಸ.

ಅದಕ್ಕ ನೆನಪಿಡ್ರಿ. ಹಳದಿ ದೀಪ ಸ್ಥಿರ ಇದ್ದು, ಗಾಡಿ ಎಂದಿನಂಗ ಓಡಿದ್ರ ಗಾಬರಿ ಬ್ಯಾಡ, ನಾಕು ದಿನದಾಗ ತೋರಸ್ರಿ. ಮಿಣುಕಿದ್ರ, ಇಲ್ಲಾ ಗಾಡಿ ಎಳೀಲಿಲ್ಲಂದ್ರ ತಡಾ ಮಾಡಬ್ಯಾಡ್ರಿ. ಕೋಡ್ ನಂಬರ್ ಬರಕೊಂಡು ಆಮ್ಯಾಲೇ ಅಳಸ್ಲಿಕ್ಕೆ ಬಿಡ್ರಿ. ದಿನಾ ಸಂತಿ, ಗುಡಿ, ಸಾಲಿ ಅಂತ ಎರಡು ಕಿಲೋಮೀಟರ್ ಅಷ್ಟೇ ಓಡಿಸಿದ್ರ ಫಿಲ್ಟರಿನಾಗ ಮಸಿ ತುಂಬ್ತದ. ಅದು ಸುಡಬೇಕಂದ್ರ ಒಳಗ ಸುಮಾರು 600 ಡಿಗ್ರಿ ಕಾವು ಬೇಕು. ಆಗಾಗ ಹೈವೇ ಮ್ಯಾಲೆ ಇಪ್ಪತ್ತು ಮೂವತ್ತು ನಿಮಿಷ ಒಂದೇ ವೇಗದಾಗ ಓಡಸ್ರಿ.

ಯಾರರ ಹಳೇ ಡೀಸೆಲ್ ಗಾಡಿ ತಗೊಳ್ಳೋರಿದ್ರ ಎರಡು ಪರೀಕ್ಷಾ ಮಾಡ್ರಿ. ಎಂಜಿನ್ ಚಾಲೂ ಮಾಡದ ಬರೇ ಕೀಲಿ ತಿರುವಿದ್ರ ಹಳದಿ ದೀಪ ಹತ್ತಬೇಕು, ಚಾಲೂ ಆದಮ್ಯಾಲೆ ಆರಬೇಕು. ಹತ್ತಲಿಕ್ಕೇ ಇಲ್ಲಂದ್ರ ಯಾರೋ ಅದರ ಬಾಯಿ ಕಟ್ಟಿರಬಹುದು. ಎರಡನೇದು, ಬಿಎಸ್-6 ಗಾಡಿ ಇದ್ರ, ತಣ್ಣಗಿದ್ದಾಗ ಹಿಂದಿನ ಹೊಗಿ ಕೊಳವಿಯೊಳಗ ಬಿಳೇ ಅರವಿ ಒರಸಿ ನೋಡ್ರಿ. ಫಿಲ್ಟರ್ ಸರಿ ಇದ್ರ ಅರವಿಗೆ ಮಸಿ ಹತ್ತೂದೇ ಕಡಿಮಿ. ಕೊಡಿ ಒಲಿ ಚಿಮಣಿ ಒರಸಿದಂಗ ಕರ್ರಗ ಬಂದ್ರ ರೊಕ್ಕ ಕೊಡೋಕಿಂತ ಮೊದಲ "ಫಿಲ್ಟರ್ ಎಲ್ಲೆ ಹೋತು?" ಅಂತ ಕೇಳ್ರಿ. ಕೇಳ್ಲಿಕ್ಕೆ ನಾಚಬ್ಯಾಡ್ರಿ. 1958ರಾಗ ಸಭಾದೊಳಗ ಎದ್ದು ಕೇಳಿದಾವರೂ ನಮ್ಮಂಥಾವರೇ.