ತಾಯಿಯ ತಪ್ಪಲ್ಲ: ಆಟಿಸಂ ಮಕ್ಕಳ ಹೆತ್ತವರ ಹೋರಾಟದ ಇತಿಹಾಸ



ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಆಟಿಕೆಯ ಚಕ್ರವನ್ನು ಗಂಟೆಗಟ್ಟಲೆ ತಿರುಗಿಸುತ್ತ ಕೂರುವ ಮಗುವನ್ನು ನೀವು ಕಂಡಿರಬಹುದು. ಅಂಥ ಮನೆಗೆ ಬಂದವರ ಮಾತುಗಳೂ ನಿಮಗೆ ಗೊತ್ತು. ದೃಷ್ಟಿ ತಾಗಿದೆ ಎನ್ನುವವರು ಕೆಲವರು, ತಾಯಿ ಸರಿಯಾಗಿ ಸಾಕಲಿಲ್ಲ ಎನ್ನುವವರು ಹಲವರು. ಈ ಎರಡನೆಯ ಮಾತು ಬರೀ ನಮ್ಮ ಮೊಹಲ್ಲಾಗಳದ್ದೆಂದು ತಿಳಿಯಬೇಡಿ. ಒಂದು ಕಾಲದಲ್ಲಿ ಅಮೆರಿಕದ ಹೆಸರಾಂತ ತಜ್ಞರೇ ಇದನ್ನು ಹೇಳುತ್ತಿದ್ದರು. ಅದು ಸುಳ್ಳೆಂದು ಸಾಧಿಸಲು ಮುಂದೆ ಬಂದವರು ಆ ಮಕ್ಕಳ ಹೆತ್ತವರೇ.

1943ರಲ್ಲಿ ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಪರಿಶೀಲಿಸಿ ಆಟಿಸಂ ಕುರಿತು ಪ್ರಸಿದ್ಧ ಲೇಖನ ಬರೆದರು. ಇದು ಹುಟ್ಟಿನಿಂದಲೇ ಬಂದ ಸ್ಥಿತಿ ಎಂಬುದು ಅವರ ಅಭಿಪ್ರಾಯ. ಆದರೆ ಈ ಮಕ್ಕಳ ಹೆತ್ತವರಲ್ಲಿ ಮಮತೆ ತೋರುವವರು ಕಡಿಮೆ ಎಂಬ ಮಾತನ್ನೂ ಸೇರಿಸಿದ್ದರು. ಆ ಒಂದು ಮಾತು ಬೆಳೆದು 'ರೆಫ್ರಿಜರೇಟರ್ ತಾಯಿ' ಎಂಬ ಹಣೆಪಟ್ಟಿಯಾಯಿತು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಈ ವಾದವನ್ನು ಮನೆಮನೆಗೆ ಮುಟ್ಟಿಸಿದರು. ಮಗುವಿನ ಕಷ್ಟದ ಜೊತೆಗೆ ಅಪರಾಧಿಯೆಂಬ ಭಾರವನ್ನೂ ತಾಯಂದಿರು ಹೊರಬೇಕಾಯಿತು.

ಬರ್ನಾರ್ಡ್ ರಿಮ್ಲಂಡ್ ಮನಶ್ಶಾಸ್ತ್ರಜ್ಞ, ಆಟಿಸಂ ಇರುವ ಮಗನ ತಂದೆ. ಇದಕ್ಕೆ ಶಾರೀರಿಕ ಕಾರಣವಿದೆ, ಸಾಕಣೆ ಕಾರಣವಲ್ಲ ಎಂದು ಅವರು 1964ರಲ್ಲಿ ಪುಸ್ತಕ ಬರೆದರು. ಮರುವರ್ಷ ಅಮೆರಿಕದ ಹೆತ್ತವರು ರಾಷ್ಟ್ರೀಯ ಸಂಘ ಕಟ್ಟಿದರು. ಅದಕ್ಕೂ ಮೊದಲು, 1962ರಲ್ಲಿ, ಬ್ರಿಟನ್ನಿನ ಹೆತ್ತವರು ಸಂಘ ಕಟ್ಟಿದ್ದರು; 1965ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಶಾಲೆಯನ್ನೂ ತೆರೆದರು. 1969ರಲ್ಲಿ ಅಮೆರಿಕದ ಹೆತ್ತವರ ಸಭೆಗೆ ಬಂದ ಕ್ಯಾನರ್, ಅವರೆಲ್ಲ ನಿರ್ದೋಷಿಗಳೆಂದು ಎದುರಿಗೇ ಸಾರಿದರು. 1977ರಲ್ಲಿ 21 ಅವಳಿ ಜೋಡಿಗಳ ಅಧ್ಯಯನವು ಆಟಿಸಂನಲ್ಲಿ ಅನುವಂಶೀಯತೆಯ ಪಾತ್ರವನ್ನು ತೋರಿಸಿತು.

ನಮ್ಮ ದೇಶದ ಕಥೆಯೂ ಇದೇ ಬಗೆಯದು. 1991ರಲ್ಲಿ ದೆಹಲಿಯಲ್ಲಿ ಮೆರಿ ಬರುವಾ ಎಂಬ ತಾಯಿ 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆ ಆರಂಭಿಸಿದರು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. 2016ರ ಕಾಯ್ದೆ ಗುರುತಿಸಿದ 21 ವಿಕಲತೆಗಳಲ್ಲಿ ಅದೂ ಒಂದಾಯಿತು.

ಇನ್ನು ನಮ್ಮ ಪರಂಪರೆಯನ್ನು ನೋಡೋಣ. ಅಂಧರಾದ ಇಬ್ನು ಉಮ್ಮಿ ಮಕ್ತೂಮ್(ರ)ರ ಕಡೆಗೆ ಗಮನ ಕೊಡದಿದ್ದ ಪ್ರಸಂಗವನ್ನು ಕುರ್‌ಆನ್‌ನ 80ನೇ ಅಧ್ಯಾಯ ಎತ್ತಿ ತೋರಿಸುತ್ತದೆ. ಪ್ರವಾದಿ(ಸ)ಯವರು ಮುಂದೆ ಅವರನ್ನು ಗೌರವದಿಂದ ಕಂಡರು. ಅಝಾನ್ ಕೊಡುವ ಹೊಣೆಯನ್ನೂ, ತಾವು ಊರಲ್ಲಿಲ್ಲದಾಗ ಮದೀನಾದ ಉಸ್ತುವಾರಿಯನ್ನೂ ಅವರಿಗೆ ವಹಿಸಿದರು. 705ರಿಂದ 715ರವರೆಗೆ ಆಳಿದ ಖಲೀಫ ವಲೀದ್ ಅಂಧರಿಗೆ ಕೈಹಿಡಿದು ನಡೆಸುವವರನ್ನು ನೇಮಿಸಿದ್ದನ್ನು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆ ವಕ್ಫ್ ಆದಾಯದಿಂದ ನಡೆಯುತ್ತಿತ್ತು. ಮನೋರೋಗಿಗಳಿಗೂ ಅಲ್ಲಿ ಆರೈಕೆಯಿತ್ತು. ದುರ್ಬಲರ ಹೊಣೆ ಅವರ ಮನೆಯವರದ್ದು ಮಾತ್ರವಲ್ಲ, ಇಡೀ ಸಮುದಾಯದ್ದು ಎಂಬುದೇ ಇವೆಲ್ಲದರ ತಿರುಳು.

ಹಾಗಾದರೆ ನಾವು ಮಾಡಬೇಕಾದ್ದೇನು? ವಿಕಲಚೇತನರ ಗುರುತಿನ ಚೀಟಿ ಪಡೆಯಲು, ರಾಷ್ಟ್ರೀಯ ನ್ಯಾಸದ 1 ಲಕ್ಷ ರೂಪಾಯಿವರೆಗಿನ 'ನಿರಾಮಯ' ಆರೋಗ್ಯ ವಿಮೆಗೆ ಅರ್ಜಿ ಹಾಕಲು ಜಮಾಅತ್ ಕಮಿಟಿಯ ಯುವಕರು ನೆರವಾಗಬಹುದು. ಮಗುವಿಗೆ 18 ತುಂಬಿದ ಮೇಲೆ, ಅಗತ್ಯವಿದ್ದಲ್ಲಿ, ಕಾನೂನುಬದ್ಧ ಪೋಷಕರ ನೇಮಕಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಸಲ್ಲಿಸಬಹುದೆಂಬುದನ್ನು ಹೆತ್ತವರಿಗೆ ತಿಳಿಸಬೇಕು. 'ನಮ್ಮ ನಂತರ ಇವನಿಗೆ ಯಾರು?' ಎಂಬುದೇ ಅವರ ದೊಡ್ಡ ಚಿಂತೆ. ಮದ್ರಸದಲ್ಲಿ ಆ ಮಗುವಿಗೂ ಒಂದು ಜಾಗವಿರಲಿ. ಮಸೀದಿಯಲ್ಲಿ ಅದು ಸದ್ದು ಮಾಡಿದರೆ ಸಿಡುಕುವುದು ಬೇಡ. ತಾಯಿಗೆ ವಾರದಲ್ಲಿ ಒಂದೆರಡು ಗಂಟೆ ಬಿಡುವು ಸಿಗುವಂತೆ ನೆರೆಮನೆಯವರು ಮಗುವಿನ ಜೊತೆ ಕೂರಲಿ.

ಬೇರೆ ದೇಶಗಳ ಹೆತ್ತವರು ತಮ್ಮ ಮೇಲಿನ ಆರೋಪ ಕಳಚಿಕೊಳ್ಳಲು ದಶಕಗಳ ಕಾಲ ಹೋರಾಡಿದರು. ಆ ಆರೋಪವನ್ನು ನಮ್ಮ ಸಹೋದರಿಯರ ಮೇಲೆ ಮತ್ತೆ ಹೊರಿಸದಿರುವುದೇ ನಾವು ಮಾಡಬಹುದಾದ ಮೊದಲ ಸೇವೆ.